ಮೂರನೇ ಟ್ರಂಪೆಟ್ಟಿನ ಫೀಲೋ ಡೂಸೆಟ್

ಮೊದಲ ಎರಡು ತಿಂಗಳು ಫೀಲೋ ಡೂಸೆಟ್ ಕಿವುಡ ಎಂದೇ ನಾನು ನಂಬಿದ್ದೆ. ಹಾಗೆ ನಂಬಲು ಕಾರಣವಿತ್ತು. ಸೇಂಟ್ ಬರ್ನಾರ್ಡ್ ಅವೆನ್ಯೂವಿನ ಆಂಬ್ರೋಸನ ಕ್ಷೌರದಂಗಡಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುತ್ತಿದ್ದ ಚರ್ಚೆಗೆ ಕಿಟಕಿಯ ಗಾಜು ನಡುಗುತ್ತಿತ್ತು. ಪ್ರಪಂಚದಲ್ಲೇ ಎಲ್ಲರಿಗಿಂತ ದೊಡ್ಡ ಟ್ರಂಪೆಟ್ ವಾದಕ ಯಾರು ಎಂಬುದು ವಿಷಯ. ಚರ್ಚೆ ನಾನು ಹೋಗುವುದಕ್ಕೆ ಹದಿನಾರು ವರ್ಷ ಮೊದಲೇ ಆರಂಭವಾಗಿದ್ದು, ಪ್ರಗತಿಯಲ್ಲಿತ್ತು. ಆ ಗದ್ದಲದ ಮಧ್ಯೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಬ್ಬ ಅರವತ್ತರ ಮನುಷ್ಯ ಕೂತಿರುತ್ತಿದ್ದ. ಹುಬ್ಬಿನ ಮೇಲೆ ಗಾರೆಯ ಪುಡಿ, ತೊಡೆಯ ಮೇಲೆ ಮಡಿಸಿದ ಪತ್ರಿಕೆ. ಮೇಜು ಗುದ್ದಿದರೂ ತಲೆ ಎತ್ತುತ್ತಿರಲಿಲ್ಲ.

ನಾನು ಊರಿನ ಇನ್ನೊಂದು ಭಾಗವಾದ ಅಪ್‌ಟೌನಿನವನು, ಮದುವೆಯಾಗಿ ಸೆವೆಂತ್ ವಾರ್ಡಿಗೆ ಬಂದವನು. ನ್ಯೂ ಆರ್ಲಿಯನ್ಸಿನಲ್ಲಿ ಕೆನಾಲ್ ರಸ್ತೆ ದಾಟಿ ಬಂದ ಅಳಿಯನನ್ನು ಸಮುದ್ರ ದಾಟಿ ಬಂದವನಂತೆ ನೋಡುತ್ತಾರೆ. ಒಳ್ಳೆಯ ಹೆಸರು ಸಂಪಾದಿಸಲು ನಾನು ಆ ಕಿವುಡನ ಬಳಿ ಹೋಗಿ ಕಿವಿಯ ಹತ್ತಿರ ಬಗ್ಗಿ, "ಹೇಗಿದೀರಾ ಸಾರ್! ಬಿಸಿಲು ಜೋರು!" ಎಂದು ವಾರಕ್ಕೊಮ್ಮೆ ಕಿರುಚುತ್ತಿದ್ದೆ. ಅವನು ಮರ್ಯಾದೆಯಿಂದ ತಲೆಯಾಡಿಸುತ್ತಿದ್ದ. ಒಂಬತ್ತನೆಯ ಶನಿವಾರ ಅವನು ಆಂಬ್ರೋಸನನ್ನು ಕೇಳಿದ್ದು ನನಗೂ ಕೇಳಿಸಿತು.

"ಯಾಕೋ ಆಂಬ್ರೋಸ್, ಈ ಮನುಷ್ಯ ಬಂದಾಗಲೆಲ್ಲ ಹೀಗೆ ಕೂಗ್ತಾನೆ? ಪಾಪ, ಕಿವಿ ಕೇಳಿಸಲ್ವಾ ಅವನಿಗೆ?"

ಅಂಗಡಿಯಲ್ಲಿ ಟ್ರಂಪೆಟ್ ಊದಲು ಬರುತ್ತಿದ್ದುದು ಅವನೊಬ್ಬನಿಗೇ ಎಂದು ನನಗೆ ತಿಳಿದದ್ದು ಆ ದಿನ. ಅದಕ್ಕೇ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಚರ್ಚೆಗೆ ಎರಡು ನಿಯಮಗಳಿದ್ದವು. ಒಂದು, ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹೆಸರು ಎತ್ತುವಂತಿಲ್ಲ. ಎತ್ತಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ, ಚರ್ಚೆ ಮುಗಿದರೆ ಶನಿವಾರ ಏನು ಮಾಡುವುದು? ಬಾಯಿ ತಪ್ಪಿ ಆ ಹೆಸರು ಹೇಳಿದವನು ಸರದಿಯಲ್ಲಿ ಕೊನೆಗೆ ಹೋಗಿ ನಿಲ್ಲಬೇಕು. ನಾನು ಹಾಗೆ ಎರಡು ಸಲ ನಿಂತಿದ್ದೇನೆ. ಇನ್ನೊಂದು, ಯಾರೂ ಗ್ರಾಮಫೋನ್ ರೆಕಾರ್ಡು ತಂದು ಕೇಳಿಸುವಂತಿಲ್ಲ. ಸಾಕ್ಷ್ಯ ಬಂದರೆ ವಾದ ಕೆಡುತ್ತದೆ ಎಂಬುದು ಅಲ್ಲಿಯ ಪಂಡಿತರ ಒಮ್ಮತದ ತೀರ್ಮಾನ.

ಪಂಡಿತರು ಇಬ್ಬರು. ಒಬ್ಬ ನ್ಯೂಮಾ ಎಸ್ಟೀವ್ಸ್, ಅಂಚೆ ಕಚೇರಿಯಿಂದ ನಿವೃತ್ತನಾಗಿ ಸೇಂಟ್ ಆಂಥನಿ ಬೀದಿಯ ಸಹಾಯ ಮತ್ತು ಸಂತೋಷ ಸಂಘದ ಅಧ್ಯಕ್ಷನಾಗಿದ್ದವನು. ಸಂಘದಲ್ಲಿ ಸಹಾಯದ ವಿಭಾಗವನ್ನು ಹೆಂಗಸರು ನೋಡಿಕೊಳ್ಳುತ್ತಿದ್ದರು, ಸಂತೋಷದ ಹೊರೆಯೆಲ್ಲ ನ್ಯೂಮಾನ ಹೆಗಲ ಮೇಲಿತ್ತು. ಅವನ ಪ್ರಕಾರ ಎಲ್ಲರಿಗಿಂತ ದೊಡ್ಡವನು ಕಿಡ್ ಓಝೆಮ್. ಓಝೆಮ್ ಸತ್ತದ್ದು 1919ರಲ್ಲಿ. ಆಗ ನ್ಯೂಮಾನಿಗೆ ಏಳು ವರ್ಷ. ದಡಾರ ಬಂದು ಮಲಗಿದ್ದಾಗ ಮುಚ್ಚಿದ ಕಿಟಕಿಯಾಚೆಯಿಂದ ಒಂದೇ ಒಂದು ಸಲ ಅವನ ಟ್ರಂಪೆಟ್ ಕೇಳಿದ್ದಾನಂತೆ. ಆ ಕಿಟಕಿ, ಆ ಜ್ವರ, ಇವೇ ಅವನ ಸಂಗೀತಶಾಸ್ತ್ರ. ಓಝೆಮ್ ಊದಿದರೆ ನದಿಯ ಆಚೆ ದಡದ ಆಲ್ಜೀರ್ಸ್ ಬಡಾವಣೆಗೆ ಕೇಳಿಸುತ್ತಿತ್ತು ಎಂದು ನಾನು ಸೇರಿದಾಗ ಹೇಳುತ್ತಿದ್ದ. ಎರಡು ವರ್ಷದಲ್ಲಿ ಅದು ಊರಿನ ಇನ್ನೊಂದು ಬದಿಯ ಸರೋವರದ ಆಚೆಗೆ ಹೋಯಿತು. 1983ರ ಹೊತ್ತಿಗೆ ಮಿಸಿಸಿಪಿ ರಾಜ್ಯದ ಗಡಿಯನ್ನು ಸಮೀಪಿಸುತ್ತಿತ್ತು. ಸತ್ತವನೊಬ್ಬ ಇಷ್ಟು ಪ್ರಗತಿ ಸಾಧಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನೊಬ್ಬ ವಾರ್ಡೆಲ್, ಹಿಂದೆ ಟ್ರಾಮ್ ಓಡಿಸುತ್ತಿದ್ದವನು. ಅವನ ಅಭ್ಯರ್ಥಿ ಐಸಾಯಾ ಬೆಲೊನಿ. ಇದೇ ಬೀದಿಯಲ್ಲಿ ಹುಟ್ಟಿ, ಯುದ್ಧ ಮುಗಿದ ವರ್ಷ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಬಿಳಿ ಕೋಟು ತೊಟ್ಟು ಟಿವಿಯಲ್ಲಿ ಕಾಣಿಸಿಕೊಂಡವನು.

"ನಿನ್ನ ಓಝೆಮ್ ಟಿವಿಯಲ್ಲಿ ಎಷ್ಟು ಸಲ ಬಂದಿದಾನೆ ಹೇಳು?" ಎನ್ನುತ್ತಿದ್ದ ವಾರ್ಡೆಲ್.

"ಅವನು ಸಾಯೋವಾಗ ಟಿವಿ ಹುಟ್ಟೇ ಇರಲಿಲ್ವಲ್ಲೋ, ಮಂಕೇ!"

"ಅದು ಅವನ ತಪ್ಪು. ಸ್ವಲ್ಪ ತಾಳ್ಮೆ ಇರಬೇಕಿತ್ತು."

ಇವರಿಬ್ಬರ ನಡುವೆ ಆಂಬ್ರೋಸ್ ತೀರ್ಪುಗಾರ. ಅವನ ಕೈಯಲ್ಲಿ ಯಾವಾಗಲೂ ಸವರುಗತ್ತಿ ಇರುತ್ತಿದ್ದುದರಿಂದ ಅವನ ಮಾತಿಗೆ ಬೆಲೆಯಿತ್ತು.

ಫೀಲೋನ ಪೂರ್ತಿ ಹೆಸರು ಥಿಯೊಫಿಲ್. ಅವನ ತಂದೆ, ಅಜ್ಜ, ಇಬ್ಬರು ಚಿಕ್ಕಪ್ಪಂದಿರು, ಎಲ್ಲರೂ ಗಾರೆಯವರು. ಊರಿನ ದೊಡ್ಡ ಮನೆಗಳ ಛಾವಣಿಯಂಚಿನ ಬಳ್ಳಿ, ಹೂವು, ದೀಪ ತೂಗುವ ಜಾಗದ ಗಾರೆಯ ಚಕ್ರ, ಅರ್ಧಕ್ಕರ್ಧ ಡೂಸೆಟ್ ಮನೆತನದ ಕೈಕೆಲಸ. ಹತ್ತನೆಯ ವಯಸ್ಸಿಗೆ ಅವನನ್ನು ಎದುರುಮನೆಯ ಮುದುಕನೊಬ್ಬನ ಹತ್ತಿರ ಟ್ರಂಪೆಟ್ ಕಲಿಯಲು ಬಿಟ್ಟರು. ಆ ಮುದುಕ ಮೊದಲ ವರ್ಷವಿಡೀ ಅವನಿಂದ ಒಂದೇ ಸ್ವರ ಊದಿಸಿದ. ಬೇರೆ ಹುಡುಗರು ಬೇಸತ್ತು ಬಿಟ್ಟು ಓಡಿದರು. ಫೀಲೋ ಓಡಲಿಲ್ಲ. "ಗೋಡೆ ಕೆಲಸ ಮಾಡಿದವನಿಗೆ ಒಂದೇ ಕಡೆ ಉಜ್ಜೋದು ಹೊಸದೇನಲ್ಲ" ಎಂದು ಒಮ್ಮೆ ನನಗೆ ಹೇಳಿದ. ಹೀಗೆ ಸತತವಾಗಿ ಎರಡು ವಾಕ್ಯಕ್ಕಿಂತ ಹೆಚ್ಚು ಮಾತಾಡದೆಯೇ ಅವನು ಅರವತ್ತಮೂರು ಮುಟ್ಟಿದ್ದ.

ಅಭ್ಯಾಸಕ್ಕೆ ಅವನು ಆರಿಸಿಕೊಂಡಿದ್ದ ಜಾಗ ಗಾರೆ ಹಚ್ಚಿ ಮುಗಿಸಿದ ಖಾಲಿ ಕೋಣೆ. ಮಧ್ಯಾಹ್ನದ ಊಟದ ಡಬ್ಬಿ ಮುಚ್ಚಿ, ಟ್ರಂಪೆಟ್ ತೆಗೆದು, ಒಂದು ಉದ್ದನೆಯ ಸ್ವರ ಬಿಡುತ್ತಿದ್ದ. ಗೋಡೆಯೊಳಗೆ ಎಲ್ಲಾದರೂ ಪೊಳ್ಳು ಉಳಿದಿದ್ದರೆ ಸ್ವರ ಅಲ್ಲಿ ಕರಕರ ಎನ್ನುತ್ತಿತ್ತಂತೆ. ಮನೆಯ ಯಜಮಾನರು ಸಂಗೀತ ಕೇಳಿ ತಲೆದೂಗುತ್ತಿದ್ದರು, ಅವನು ಗೋಡೆ ತಪಾಸಣೆ ಮಾಡುತ್ತಿದ್ದ. ಶನಿವಾರ ಸಂಜೆ ಟ್ರಂಪೆಟ್ಟಿಗೆ ಸ್ನಾನದ ತೊಟ್ಟಿಯಲ್ಲಿ ಸ್ನಾನ. "ಮನೇಲಿ ಮೊದಲ ನೀರು ಅದಕ್ಕೆ, ಎರಡನೇ ನೀರು ಅವರಿಗೆ, ಉಳಿದರೆ ನನಗೆ" ಎನ್ನುತ್ತಿದ್ದಳು ಅವನ ಹೆಂಡತಿ ಓಡೀಲ್.

ಕ್ಯಾಲಿಫೋರ್ನಿಯಾಕ್ಕೆ ಹೊರಟ ದಿನ ಐಸಾಯಾ ಬೆಲೊನಿ ಫೀಲೋನನ್ನೂ ಕರೆದಿದ್ದ. ಇಬ್ಬರೂ ಒಂದೇ ಮುದುಕನ ಶಿಷ್ಯರು. ರೈಲು ಹೊರಡುವ ಹೊತ್ತಿಗೆ ಫೀಲೋ ಎಸ್ಪ್ಲನೇಡ್ ಬೀದಿಯ ಮನೆಯೊಂದರಲ್ಲಿ ಛಾವಣಿಯಂಚಿಗೆ ಗಾರೆ ಎಳೆಯುತ್ತಿದ್ದ. ಗಾರೆ ಎಳೆಯಲು ಶುರು ಮಾಡಿದರೆ ಮೂಲೆ ಮುಟ್ಟುವವರೆಗೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದ ಕಡೆ ಗಂಟು ಕಟ್ಟುತ್ತದೆ. ಮೂಲೆ ಮುಟ್ಟಿತು, ರೈಲು ಹೋಯಿತು. ಜೀವನದ ಅವಕಾಶ ಕಳೆದುಕೊಂಡೆಯಲ್ಲ ಎಂದು ಊರೆಲ್ಲ ಅವನ ಪರವಾಗಿ ಮರುಗಿತು. ಅವನು ಮರುಗಿದ್ದನ್ನು ನೋಡಿದವರಿಲ್ಲ. ಊರಿನ ಬ್ರಾಸ್ ಬ್ಯಾಂಡಿನಲ್ಲಿ ಮೂರನೇ ಟ್ರಂಪೆಟ್ ಊದುತ್ತ ಉಳಿದ. ಮೊದಲನೆಯವನು ರಾಗ ಹೇಳುತ್ತಾನೆ, ಎರಡನೆಯವನು ಅವನಿಗೆ ಜವಾಬು ಕೊಡುತ್ತಾನೆ, ಮೂರನೆಯವನು ಕೆಳಗೆ ನಿಂತು ಇಬ್ಬರನ್ನೂ ಹೊರುತ್ತಾನೆ. ಮೇಲೆ ಬಣ್ಣ ಬಳಿದ ಮೇಲೆ ಗಾರೆ ಕಾಣಿಸುವುದಿಲ್ಲ, ಹಾಗೆ.

1983ರ ಜುಲೈ ತಿಂಗಳಲ್ಲಿ ಆಂಬ್ರೋಸನ ತಾಯಿ, ಊರವರೆಲ್ಲ ಮಿಸ್ ಯೂಜಿನಿ ಎನ್ನುತ್ತಿದ್ದವಳು, ತೀರಿಕೊಂಡಳು. ತೊಂಬತ್ತೊಂದು ವರ್ಷ. ಹೋಟೆಲೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ನಲವತ್ತು ವರ್ಷ ದುಡಿದವಳು. ಸಾಯುವ ಹಿಂದಿನ ವಾರ ಮಗನನ್ನು ಕರೆದು ಹೇಳಿದ್ದಳು, ನಾನೂ ಅಲ್ಲೇ ಇದ್ದೆ.

"ಬಾಳಿಡೀ ಓಡಿದೀನಿ ಕಣೋ. ಬಸ್ಸಿಗೆ ಓಡ್ದೆ, ಹೋಟ್ಲು ಗಂಟೆಗೆ ಓಡ್ದೆ, ನಿನ್ನ ಹಿಂದೆ ಓಡ್ದೆ. ಕೊನೇ ಸಲ ನನ್ನ ಯಾರೂ ಓಡಿಸ್ಕೂಡ್ದು. ನಿಧಾನಕ್ಕೆ ಕರ್ಕೊಂಡ್ಹೋಗು. ನನ್ನ ಗಾಡಿ ಬಿಟ್ಟು ಕಳಿಸೋ ತನಕ ಒಬ್ಬನೂ ಕುಣೀಕೂಡ್ದು. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ, ನಾನೇನು ನೋಡ್ತಾ ಇರ್ತೀನಾ?"

ಆಂಬ್ರೋಸ್ ಅವಳ ಕೈ ಹಿಡಿದು ಮಾತು ಕೊಟ್ಟ. ಕೊಟ್ಟ ಮಾತು ದೊಡ್ಡದಲ್ಲ, ನಮ್ಮಲ್ಲಿ ಪದ್ಧತಿಯೇ ಅದು. ಚರ್ಚಿನಿಂದ ಹೊರಟ ಮೇಲೆ ಬ್ಯಾಂಡು ಸ್ತುತಿಗೀತೆಯನ್ನು ಒಂದೊಂದೇ ಹೆಜ್ಜೆಗೆ ಒಂದೊಂದು ಸ್ವರದ ಹಾಗೆ ಎಳೆಯುತ್ತ ನಡೆಯುತ್ತದೆ. ಸಣ್ಣ ಡ್ರಮ್ಮಿನ ತಂತಿಯ ಕೆಳಗೆ ಕರವಸ್ತ್ರ ತುರುಕಿರುತ್ತಾರೆ, ಸದ್ದು ಮಂಕಾಗಲೆಂದು. ಗೊತ್ತಾದ ಮೂಲೆಯಲ್ಲಿ ಬ್ಯಾಂಡು ಎರಡು ಸಾಲಾಗಿ ಸರಿದು ನಿಲ್ಲುತ್ತದೆ, ನಡುವಿನಿಂದ ಶವದ ಗಾಡಿ ಹಾದು ಸ್ಮಶಾನಕ್ಕೆ ಹೋಗುತ್ತದೆ. ಗಾಡಿ ಕಣ್ಮರೆಯಾದ ಮೇಲೆ ಡ್ರಮ್ಮಿನವನು ಕರವಸ್ತ್ರ ಎಳೆಯುತ್ತಾನೆ. ಆಮೇಲೆ ಕುಣಿತ. ಮೊದಲು ಅಳು, ಅದು ಮುಗಿದ ಮೇಲೆ ಕೊಡೆ ಬಿಚ್ಚಿ ಕುಣಿ. ಅದಲುಬದಲಾದರೆ ಸತ್ತವರನ್ನು ಮನೆಯಿಂದ ದಬ್ಬಿದ ಹಾಗೆ.

ಆದರೆ ಆಂಬ್ರೋಸನ ಪಾಲಿಗೆ ನಿಧಾನವಾಗಿ ಕಳಿಸಿದರಷ್ಟೇ ಸಾಲದಾಯಿತು. ಪ್ರಪಂಚದ ಅತಿ ದೊಡ್ಡ ಟ್ರಂಪೆಟ್ ವಾದಕನ ಬಗ್ಗೆ ಹತ್ತೊಂಬತ್ತು ವರ್ಷ ತೀರ್ಪು ಕೊಟ್ಟವನ ತಾಯಿ, ಯಾರ್ಯಾರೋ ಊದಿದರೆ ಹೇಗೆ ಹೋದಾಳು? ಅಂಗಡಿಯಲ್ಲೇ ಆಯ್ಕೆ ಸಮಿತಿ ಕೂತಿತು. ಅಂದು ಮಾತ್ರ ವಾದ ಬಹಳ ಎಳೆಯಲಿಲ್ಲ, ಏಕೆಂದರೆ ಕಿಡ್ ಓಝೆಮ್ ಬರುವ ಸ್ಥಿತಿಯಲ್ಲಿರಲಿಲ್ಲ. ಐಸಾಯಾ ಬೆಲೊನಿಗೆ ಫೋನು ಹೋಯಿತು. ಮಿಸ್ ಯೂಜಿನಿಯ ಕೈಯ ಬೆಂಡೆಕಾಯಿಯ ಗಂಬೋ ಸಾರು ತಿಂದು ಬೆಳೆದವನು, ಹೆಸರು ಕೇಳಿದ್ದೇ ಒಪ್ಪಿಕೊಂಡ. ನ್ಯೂಮಾನೂ ಸಮ್ಮತಿಸಿದ, ಒಂದು ಷರತ್ತಿನ ಮೇಲೆ: ಸಂಘದ ಪುಸ್ತಕದಲ್ಲಿ "ಎಲ್ಲರಿಗಿಂತ ದೊಡ್ಡವನು" ಎಂದು ಬರೆಯುವಾಗ "ಬದುಕಿರುವವರಲ್ಲಿ" ಎಂದು ಸೇರಿಸಬೇಕು.

"ಫೀಲೋ, ನಿನಗೇನೂ ಬೇಜಾರಿಲ್ಲ ತಾನೆ?" ಎಂದು ಆಂಬ್ರೋಸ್ ಕೇಳಿದ.

"ಎಷ್ಟು ಗಂಟೆಗೆ?" ಎಂದ ಫೀಲೋ.

"ಹತ್ತಕ್ಕೆ."

"ಆಯ್ತು."

ಹತ್ತಕ್ಕೆ ಚರ್ಚಿನ ಮುಂದೆ ಜನವೋ ಜನ. ಸತ್ತವಳನ್ನು ನೋಡಲು ಬಂದವರು ಕೆಲವರು, ಐಸಾಯಾನನ್ನು ನೋಡಲು ಬಂದವರು ಉಳಿದವರು. ನ್ಯೂಮಾ ಮೆರವಣಿಗೆಯ ಮುಂದಾಳು. ಕಪ್ಪು ಸೂಟು, ಎದೆಯ ಮೇಲೆ ಜರತಾರಿ ಪಟ್ಟಿ, ಟೋಪಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಸತ್ತದ್ದು ಅವನೇ ಎಂದು ದಾರಿಹೋಕರು ಭಾವಿಸಿದ್ದರೂ ತಪ್ಪಿರಲಿಲ್ಲ. ಐಸಾಯಾ ಬಿಳಿ ಕೋಟಿನಲ್ಲೇ ಬಂದಿದ್ದ. ನಾಚಿಕೊಂಡು, "ಕಪ್ಪು ಕೋಟಿನ ಪೆಟ್ಟಿಗೆ ವಿಮಾನದವರು ಎಲ್ಲೋ ಕಳಿಸಿಬಿಟ್ರು ಕಣಪ್ಪ" ಎಂದ. ವಾರ್ಡೆಲ್ ಜನರ ಕಡೆ ತಿರುಗಿ, "ದೊಡ್ಡವರು ಬಿಳೀದೇ ಹಾಕೋದು" ಎಂದು ಸಮಜಾಯಿಷಿ ಕೊಟ್ಟ.

ಐಸಾಯಾ ಮೊದಲ ಸ್ವರ ಬಿಟ್ಟಾಗ ನನ್ನ ಬೆನ್ನ ಮೇಲಿನ ಬೆವರು ತಣ್ಣಗಾಯಿತು. ಅದನ್ನು ಒಪ್ಪಿಕೊಳ್ಳಲೇಬೇಕು. ಆ ಶನಿವಾರಗಳಲ್ಲಿ ವಾರ್ಡೆಲ್ ಹೇಳಿದ್ದೆಲ್ಲ ಸುಳ್ಳೆಂದು ತಿಳಿದಿದ್ದೆ, ಅರ್ಧ ನಿಜವಿತ್ತು. ಸ್ತುತಿಗೀತೆ ಬೀದಿಯ ಮೇಲೆ ಹಾಸಿದ ಹಾಗೆ ಹೋಯಿತು. ಆಂಬ್ರೋಸ್ ಗಾಡಿಯ ಹಿಂದೆ ಮೊಗದಲ್ಲಿ ಸಮಾಧಾನ ಹೊತ್ತು ನಡೆಯುತ್ತಿದ್ದ. ಒಂದು ಬೀದಿ, ಎರಡು ಬೀದಿ, ಹೀಗೆ ಕ್ಲೇಬೋರ್ನ್ ಅವೆನ್ಯೂ ಬಂತು.

ಅಲ್ಲಿ ರಸ್ತೆಯ ಮೇಲೆ ಹೆದ್ದಾರಿಯ ಸೇತುವೆ ಇದೆ. ಆ ಕಾಂಕ್ರೀಟಿನ ಅಡಿಯಲ್ಲಿ ಊದಿದ್ದು ನಾಲ್ಕರಷ್ಟಾಗಿ ತಿರುಗಿ ಬರುತ್ತದೆ. ಸಂತೋಷದ ಮೆರವಣಿಗೆಗಳಲ್ಲಿ ಬ್ಯಾಂಡುಗಳು ಬೇಕೆಂದೇ ಅಲ್ಲಿ ನಿಂತು ಕೊಂಬು ಮುರಿಯುವಂತೆ ಊದುತ್ತವೆ. ಗಾಡಿ ಬಿಡುವ ಮೂಲೆ ಅಲ್ಲಿಂದ ಇನ್ನೂ ಎರಡು ಬೀದಿ ಆಚೆಗಿತ್ತು. ಐಸಾಯಾ ಸೇತುವೆಯ ನೆರಳಿಗೆ ಕಾಲಿಟ್ಟ. ತನ್ನದೇ ಸ್ವರ ನಾಲ್ಕಾಗಿ ಕಿವಿಗೆ ಬಿತ್ತು. ಮೂವತ್ತೇಳು ವರ್ಷ ಕ್ಯಾಲಿಫೋರ್ನಿಯಾದ ವೇದಿಕೆಗಳಲ್ಲಿ ನಮ್ಮೂರ ಶವಯಾತ್ರೆಯನ್ನು ಎರಡು ನಿಮಿಷ ಅಳು, ಆರು ನಿಮಿಷ ಕುಣಿತ ಎಂದು ಮಾಡಿ ತೋರಿಸಿದವನ ತುಟಿ ತಾನಾಗಿ ಆ ರೂಢಿಗೆ ಹೊರಳಿತು. ಟ್ರಂಪೆಟ್ಟನ್ನು ಆಕಾಶಕ್ಕೆ ಎತ್ತಿ, ಕುಣಿತದ ಕರೆಯನ್ನು ಊದಿಯೇಬಿಟ್ಟ.

ಹಿಂದಿನ ಜನ ಹೋ ಎಂದರು. ಹತ್ತು ಕೊಡೆ ಬಿಚ್ಚಿಕೊಂಡವು. ಎರಡನೇ ಟ್ರಂಪೆಟ್ಟಿನವನು ಅಭ್ಯಾಸಬಲದಿಂದ ಜವಾಬು ಕೊಟ್ಟ. ಮುಂದಾಳು ನ್ಯೂಮಾನ ಸೊಂಟ, ನಾನು ಕಣ್ಣಾರೆ ಕಂಡಂತೆ, ಎರಡು ಸಲ ಆಡಿತು. ಗಾಡಿಯ ಚಾಲಕ ಕನ್ನಡಿಯಲ್ಲಿ ನೋಡಿ ಗಾಬರಿಯಾಗಿ ವೇಗ ಹೆಚ್ಚಿಸಿದ. ಆಂಬ್ರೋಸ್ ತಾಯಿಯ ಗಾಡಿಯ ಹಿಂದೆ ಓಡತೊಡಗಿದ.

"ಅಮ್ಮನ್ನ ಓಡಿಸ್ಬೇಡ್ರೋ!" ಎಂದು ಅವನು ಕೂಗಿದ್ದು ಆ ಪ್ರತಿಧ್ವನಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದ ನನಗೆ ಕೇಳಿಸಿತು.

ಅಷ್ಟರಲ್ಲಿ ಗದ್ದಲದ ಅಡಿಯಿಂದ ಇನ್ನೊಂದು ಸದ್ದು ಕೇಳಿಸಿತು. ಅಥವಾ ಅದು ಮೊದಲಿನಿಂದಲೂ ಇತ್ತು, ನಿಂತೇ ಇರಲಿಲ್ಲ. ಫೀಲೋ ಸ್ತುತಿಗೀತೆಯ ಮೂರನೆಯ ಸಾಲಿನಲ್ಲಿದ್ದ. ಟ್ರಂಪೆಟ್ಟಿನ ಬಾಯಿ ನೆಲದ ಕಡೆ, ಕಣ್ಣು ಗಾಡಿಯ ಹಿಂದಿನ ಗಾಜಿನ ಮೇಲೆ. ಮೇಲೆ ಏನು ನಡೆಯುತ್ತಿದೆ ಎಂಬುದು ತನಗೆ ಸಂಬಂಧಿಸಿದ್ದಲ್ಲ ಎಂಬ ಹಾಗೆ ಒಂದು ಹೆಜ್ಜೆ, ಒಂದು ಸ್ವರ, ಒಂದು ಹೆಜ್ಜೆ, ಒಂದು ಸ್ವರ. ಸೇತುವೆಯ ಕಾಂಕ್ರೀಟು ಖ್ಯಾತಿ ನೋಡುವುದಿಲ್ಲ. ಅದನ್ನೂ ನಾಲ್ಕರಷ್ಟು ಮಾಡಿತು.

ಸಣ್ಣ ಡ್ರಮ್ಮಿನ ಕ್ಲೀಟಸ್ ನಡುವೆ ಸಿಕ್ಕಿಬಿದ್ದ. ಎಡಕ್ಕೆ ಪ್ರಪಂಚದ ಅತಿ ದೊಡ್ಡವನು, ಬಲಕ್ಕೆ ಗಾರೆಯವನು. ಅವನ ಕೈ ಕರವಸ್ತ್ರದ ತುದಿಯ ಮೇಲಿತ್ತು. ಅದನ್ನು ಎಳೆದಿದ್ದರೆ ಮುಗಿಯಿತು, ಮಿಸ್ ಯೂಜಿನಿ ಸ್ಮಶಾನಕ್ಕೆ ಓಡಿಕೊಂಡೇ ಹೋಗಬೇಕಾಗಿತ್ತು. ಅವನು ಫೀಲೋನ ಬೂಟು ನೋಡಿದ. ಕೈ ತೆಗೆದ. ಮಂಕು ಡ್ರಮ್ಮು ಬೂಟಿನ ಜೊತೆ ಬಿತ್ತು. ದೊಡ್ಡ ಡ್ರಮ್ಮು ಅದರ ಹಿಂದೆ. ಎರಡನೇ ಟ್ರಂಪೆಟ್ಟು, ಟ್ರೊಂಬೋನುಗಳು ಒಂದೊಂದಾಗಿ ತಪ್ಪಿತಸ್ಥರಂತೆ ಕೆಳಗಿಳಿದವು. ಕೊಡೆಗಳು ಮುಚ್ಚಿಕೊಂಡವು. ಕೊನೆಗೆ ಐಸಾಯಾ ಒಬ್ಬನೇ ಮೇಲೆ ಉಳಿದ, ಏಣಿ ತೆಗೆದುಕೊಂಡು ಹೋದಾಗ ಮಾಡಿನ ಮೇಲೆ ಉಳಿದವನ ಹಾಗೆ.

ಅವನು ಟ್ರಂಪೆಟ್ ಇಳಿಸಿ ಫೀಲೋನ ಕಡೆ ನೋಡಿದ. ಫೀಲೋ ನೋಡಲಿಲ್ಲ, ಊದುತ್ತಿದ್ದ. ಐಸಾಯಾ ಎರಡು ಹೆಜ್ಜೆ ಹಿಂದೆ ಸರಿದು, ಅವನ ಪಕ್ಕ ನಿಂತು, ಅವನ ಸ್ವರದ ಕೆಳಗೆ ಇನ್ನೊಂದು ಸ್ವರ ಹಿಡಿದ. ಗಾಡಿ ನಿಧಾನವಾಯಿತು. ಆಂಬ್ರೋಸ್ ಓಟ ನಿಲ್ಲಿಸಿ, ಏದುಸಿರು ಬಿಡುತ್ತ, ಗಾಜಿನ ಮೇಲೆ ಕೈಯಿಟ್ಟು ನಡೆದ. ಮಿಕ್ಕ ಎರಡು ಬೀದಿ ದಾಟಲು ಇಪ್ಪತ್ತು ನಿಮಿಷ ಹಿಡಿಯಿತು. ಗಾಡಿ ಎರಡು ಸಾಲಿನ ನಡುವೆ ಹಾದು ಹೋದ ಮೇಲೆಯೇ ಫೀಲೋ ತುಟಿ ಒರೆಸಿಕೊಂಡದ್ದು. ಕ್ಲೀಟಸ್ ಕರವಸ್ತ್ರ ಎಳೆದ. ಆಮೇಲೆ ಐಸಾಯಾ ಊದಿದ್ದಕ್ಕೆ ಪಾರ್ಶ್ವವಾಯು ಹೊಡೆದವರೂ ಕುಣಿದರು ಎಂದು ಹೇಳುತ್ತಾರೆ. ನಾನು ಕಂಡದ್ದು ಒಬ್ಬರನ್ನೇ.

ಸಂಘದ ಹಾಲಿನಲ್ಲಿ ಊಟಕ್ಕೆ ಕೂತಾಗ ಐಸಾಯಾ ತಟ್ಟೆ ಹಿಡಿದು ಬಂದು ಫೀಲೋನ ಪಕ್ಕ ಕೂತ.

"ಬೇಗ ಶುರು ಮಾಡ್ಬಿಟ್ಟೆ ಅಲ್ವೇನೋ?"

"ಹೂಂ" ಎಂದ ಫೀಲೋ. "ಆಲೂಗಡ್ಡೆ ಹಾಕ್ಕೋ. ಓಡೀಲ್ ಮಾಡಿದ್ದು."

ಆಂಬ್ರೋಸ್ ಬಂದು ಫೀಲೋನ ಕೈ ಹಿಡಿದುಕೊಂಡು, ಬಿಟ್ಟು, ಅವನ ತಟ್ಟೆಗೆ ಇನ್ನೊಂದು ಕೋಳಿ ತೊಡೆ ಹಾಕಿ ಹೋದ.

ಇಷ್ಟಾದ ಮೇಲೆ ಚರ್ಚೆ ನಿಂತೀತು ಎಂದು ನಾನು ಭಾವಿಸಿದ್ದು ನನ್ನ ಅಪ್‌ಟೌನ್ ಬುದ್ಧಿ. ಮುಂದಿನ ಶನಿವಾರ ಒಂಬತ್ತಕ್ಕೆ ಮೇಜಿನ ಮೇಲೆ ಗುದ್ದು ಬಿತ್ತು. ಐಸಾಯಾ ಬೇಕೆಂದೇ ತಪ್ಪು ಮಾಡಿದ, ಬ್ಯಾಂಡಿನವರನ್ನು ಪರೀಕ್ಷಿಸಲು, ಎಂದು ವಾರ್ಡೆಲ್ ಸಾಧಿಸಿದ. ಓಝೆಮ್ ಆಗಿದ್ದರೆ ಅಳುವಿನದೂ ಕುಣಿತದ್ದೂ ಒಟ್ಟಿಗೇ ಊದುತ್ತಿದ್ದ, ಒಂದು ಬಾಯಿಯ ಎಡದಿಂದ, ಇನ್ನೊಂದು ಬಲದಿಂದ, ಎಂದ ನ್ಯೂಮಾ. ತನ್ನ ಸೊಂಟದ ವಿಷಯ ಅವನು ಎತ್ತಲಿಲ್ಲ. ಆಂಬ್ರೋಸ್ ಮಾತ್ರ ಅಂದು ತೀರ್ಪು ಕೊಡಲಿಲ್ಲ. ಫೀಲೋನನ್ನು ಸರದಿ ತಪ್ಪಿಸಿ ಕರೆದು, ಕುರ್ಚಿಯಲ್ಲಿ ಕೂರಿಸಿ, ಮುಖಕ್ಕೆ ನೊರೆ ಹಚ್ಚುತ್ತಿದ್ದ. ಇಷ್ಟು ವರ್ಷಗಳಲ್ಲಿ ಯಾರಿಗೂ ಅಷ್ಟು ನಿಧಾನವಾಗಿ ಹಚ್ಚಿದ್ದನ್ನು ನಾನು ನೋಡಿರಲಿಲ್ಲ.

ನ್ಯೂಮಾನಿಗೆ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂತು. ಜೇಬಿನಿಂದ ಸಂಘದ ಪುಸ್ತಕ ತೆಗೆದು, ಪೆನ್ಸಿಲು ನೆಕ್ಕಿ, ಕುರ್ಚಿಯ ಪಕ್ಕ ಬಂದು ನಿಂತ. ಗಂಟಲು ಸರಿಮಾಡಿಕೊಂಡ.

"ಫೀಲೋ, ನೀನೂ ಒಂದು ರೀತಿಯಲ್ಲಿ ಟ್ರಂಪೆಟ್ಟಿನವನೇ ತಾನೆ. ದಾಖಲೆಗೆ ಇರಲಿ ಅಂತ ಕೇಳ್ತೀನಿ, ಚೆನ್ನಾಗಿ ಯೋಚಿಸಿ ಹೇಳು. ಬದುಕಿರೋರು, ಸತ್ತೋರು, ಪ್ರಪಂಚದಲ್ಲಿ ಯಾರನ್ನ ಬೇಕಾದ್ರೂ ಆರಿಸ್ಕೋಬಹುದು ಅಂದ್ರೆ, ನೀನು ಸತ್ತಾಗ ನಿನ್ನ ಮುಂದೆ ಯಾರು ಊದ್ಬೇಕು?"

ಆಂಬ್ರೋಸನ ಕತ್ತಿ ಗಾಳಿಯಲ್ಲಿ ನಿಂತಿತು. ಫೀಲೋ ನೊರೆಯೊಳಗಿಂದ ಒಂದು ಕಣ್ಣು ತೆರೆದ.

"ಆವತ್ತು ಯಾರಿಗೆ ಬಿಡುವಿರುತ್ತೋ ಅವರು."